ಚೀಟಿಯಲ್ಲಿ ಬಂದ ವಿರೋಧ

ಮಾಸ್ತರರ ಹುಬ್ಬು ಸದಾ ಹಳದಿ. ಕಾಗದದ ಕಾರ್ಖಾನೆಯಲ್ಲಿ ಬಿದಿರು ಚೂರು ಮಾಡುವ ಯಂತ್ರದ ಮುಂದೆ ಅವರ ಪಾಳಿ. ಅದರ ಪುಡಿ ಎಷ್ಟು ತಿಕ್ಕಿ ತೊಳೆದರೂ ಹುಬ್ಬು ಬಿಟ್ಟು ಹೋಗುತ್ತಿರಲಿಲ್ಲ. ಅದೇ ಯಂತ್ರದ ಸದ್ದಿಗೆ ಬಲಗಿವಿ ಮಂದವಾಗಿತ್ತು. ಯಾರಾದರೂ ಮಾತಾಡತೊಡಗಿದರೆ ಎಡಗಿವಿಯನ್ನು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಒಂದಕ್ಷರವೂ ತಪ್ಪದ ಹಾಗೆ ಕೇಳುತ್ತಿದ್ದರು.

ಅವರನ್ನು ಯಾವ ಶಾಲೆಯೂ ಮಾಸ್ತರಿಕೆಗೆ ನೇಮಿಸಿರಲಿಲ್ಲ. ಕೆಲಸದಿಂದ ಫಿಟ್ಟರ್. ದಾಂಡೇಲಿಯಲ್ಲಿ ನಮ್ಮ ಮನೆ ಬಿಟ್ಟು ಎರಡನೆಯ ಬಾಗಿಲು ಅವರದು. ರವಿವಾರ ಮುಂಜಾನೆ ಹನ್ನೆರಡು ಜನ ಕೆಲಸಗಾರರು ಆ ಬಾಗಿಲ ಮುಂದೆ ಗೋಣಿತಟ್ಟು ಹಾಸಿಕೊಂಡು ಪಾಠಕ್ಕೆ ಕೂಡುತ್ತಿದ್ದರು. ಧಾರವಾಡ, ಬೆಳಗಾವಿ ಕಡೆಯವರೇ ಹೆಚ್ಚು; ಒಬ್ಬ ಹಿರಿಯ ಮಾತ್ರ ಊರ ಪಕ್ಕದ ಕೋಗಿಲಬನದವ, ಅಲ್ಲಿಂದ ನಡೆದು ಬರುತ್ತಿದ್ದ. ಎಲ್ಲರಿಗೂ ಬಾಯ್ಲರ್ ನಡೆಸುವ ಪರವಾನಗಿಯ ಪರೀಕ್ಷೆ ಪಾಸಾಗಬೇಕಿತ್ತು. ಇಲ್ಲದಿದ್ದರೆ ಜೀವನವಿಡೀ ಹೆಲ್ಪರ್. ಆದರೆ ಪರೀಕ್ಷೆಗೆ ಕೂಡಲು, ಮಾನ್ಯತೆ ಇರುವ ಪ್ರಯೋಗಶಾಲೆಯಲ್ಲಿ ಕಲಿತ ಪ್ರಮಾಣಪತ್ರ ಬೇಕು. ಇವರ ಪ್ರಯೋಗಶಾಲೆಯೆಂದರೆ ಮಾಸ್ತರರ ಬಾಗಿಲು. ಅದರ ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ಒಂದು ನಳಿಗೆ ಬರೆದು, “ಇದು ಬ್ಯಾರೋಮೀಟರ್. ಖರೇ ಹೆಂಗ ಇರತೈತೋ ನಾನೂ ನೋಡಿಲ್ರೆಪಾ” ಎನ್ನುತ್ತಿದ್ದರು.

ನಾನಾಗ ಹಳಿಯಾಳದ ಕಡೆಯ ಬಸ್ಸು ಹಿಡಿದು ಸರಕಾರಿ ಕಾಲೇಜಿಗೆ ಹೋಗುತ್ತಿದ್ದೆ. ಚರ್ಚಾಕೂಟದಲ್ಲಿ ಹೆಸರು ಮಾಡಿದ್ದೆ. ಯಾವುದನ್ನೂ ಒಪ್ಪದಿರುವುದೇ ಬುದ್ಧಿವಂತಿಕೆ ಎಂದು ನಂಬಿದ್ದೆ. ಆ ನಂಬಿಕೆಯೊಂದನ್ನು ಮಾತ್ರ ಎಂದೂ ಪ್ರಶ್ನಿಸಿರಲಿಲ್ಲ.

“ನೋಡಲಾರದ್ದನ್ನ ಹೆಂಗ ಕಲಸ್ತೀರಿ ಮಾಸ್ತರ?” ಎಂದು ಒಮ್ಮೆ ಕೆಣಕಿದೆ.

“ವಾದ ಆಮ್ಯಾಲ ಮಾಡೂಣು. ಮೊದಲ ಒಂದು ಕೆಲಸ ಮಾಡು. ನಿಮ್ಮ ಕಾಲೇಜಿನ ಪ್ರಯೋಗಶಾಲೆಗೆ ರವಿವಾರ ಕೀಲಿ ಇರತೈತಿಲ್ಲೋ? ಎರಡು ತಾಸು ನಮಗ ಬಿಟ್ಟುಕೊಡ್ರಿ ಅಂತ ಅರ್ಜಿ ಬರಿ. ಇಂಗ್ಲಿಷಿನ್ಯಾಗ. ಬಿಗಿಯಾಗಿ ಬರಿ.”

ಮಾಸ್ತರರ ಹೆಸರಿನಲ್ಲಿ ಬಿಗಿಯಾಗಿಯೇ ಬರೆದೆ. ಕಟ್ಟಡ ಸಾರ್ವಜನಿಕರದು, ಉಪಕರಣ ಸಾರ್ವಜನಿಕರದು, ರಜೆಯ ದಿನ ಎರಡೂ ಧೂಳು ತಿನ್ನುತ್ತವೆ. ಕಲಿಸಲು ಕಾಲೇಜಿನ ಒಬ್ಬ ಅಧ್ಯಾಪಕರೇ ತಯಾರಿದ್ದಾರೆ. ಇದಕ್ಕೆ ಯಾರು ಏನು ಉತ್ತರ ಕೊಟ್ಟಾರು ಎಂದು ನನಗೇ ಹೆಮ್ಮೆಯಾಯಿತು.

ನಮ್ಮ ಪ್ರಿನ್ಸಿಪಾಲರು ಆಗಷ್ಟೇ ಬೇರೆ ಊರಿನಿಂದ ವರ್ಗವಾಗಿ ಬಂದಿದ್ದರು. ಹುಡುಗರ ಮನಸ್ಸು ತಿಳಿಯಲೆಂದು ಅರ್ಜಿಯನ್ನೇ ಚರ್ಚೆಯ ವಿಷಯ ಮಾಡಿದರು. ನಮ್ಮ ಕೂಟದ ಪದ್ಧತಿ ಅವರಿಗೆ ತಿಳಿದಿರಲಿಲ್ಲ. ಯಾರು ಪರ, ಯಾರು ವಿರೋಧ ಎಂಬುದನ್ನು ನಾವು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದೆವು. ಬಂದದ್ದನ್ನು ವಾದಿಸುವುದೇ ಪಟುತನ. ನನಗೆ ವಿರೋಧ ಬಂತು.

ನನ್ನ ಅರ್ಜಿಯ ಸಂದುಗೊಂದು ನನ್ನಷ್ಟು ಇನ್ನಾರಿಗೆ ಗೊತ್ತು? ಒಂದೊಂದೇ ವಾದ ಹಿಡಿದು ಮುರಿದೆ. ಇಂದು ಎರಡು ತಾಸು ಕೇಳಿದವರು ನಾಳೆ ಇಡೀ ದಿನ ಕೇಳುವುದಿಲ್ಲವೆಂದು ಹೇಗೆ ನಂಬುವುದು ಎಂದೆ. ಕೊನೆಗೆ, “ಬಿದಿರು ಸೀಳುವ ಕೈಗೆ ಗಾಜು ಕೊಟ್ಟರೆ ಸೋಮವಾರ ನಮಗೆ ಉಳಿಯುವುದು ಚೂರು” ಎಂದೆ. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಅರ್ಜಿದಾರರೆಂದು ಕರೆಸಿದ್ದ ಮಾಸ್ತರರು ಮೊದಲ ಸಾಲಿನಲ್ಲಿ ಕೂತಿದ್ದರು, ಎಡಗಿವಿ ನನ್ನ ಕಡೆಗೆ. ಕೈ ಎತ್ತಿಸಿದಾಗ ವಿರೋಧಕ್ಕೇ ಬಹುಮತ. ಗೆದ್ದ ಮಾತುಗಾರನಿಗೆ ಕೊಡುವ ಫಲಕ ನನಗೆ ಬಂತು. ವಿದ್ಯಾರ್ಥಿಗಳು ಒಪ್ಪಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು.

ಬಸ್ಸಿನಲ್ಲಿ ಅವರ ಪಕ್ಕವೇ ಕೂಡಬೇಕಾಯಿತು.

“ಛಲೋ ಮಾತಾಡಿದಿ ತಮ್ಮಾ. ಆ ಚೂರಿನ ಮಾತು… ನಿನಗ ಹಂಗ ಅನಸ್ತೈತೇನು?”

“ಛೇ, ಇಲ್ರಿ! ಚೀಟಿಯೊಳಗ ವಿರೋಧ ಬಂದಿತ್ರಿ.”

ಅವರು ಜೋರಾಗಿ ನಕ್ಕುಬಿಟ್ಟರು. “ಚೀಟಿ ಏನೋ ಮಾರಾಯಾ! ನಾ ಖರೇ ತಿಳಕೊಂಡು ಕುಂತಿದ್ದೆ. ಹಂಗಾದ್ರ ನಿಮ್ಮ ಸಾಹೇಬ್ರಿಗೆ ಅಷ್ಟ ಹೇಳಿಬಿಡು. ಮತ್ತೇನೂ ಬ್ಯಾಡ.”

“ಹೇಳ್ತೇನ್ರಿ.”

ಹೇಳಲಿಲ್ಲ. ಪ್ರಿನ್ಸಿಪಾಲರ ಕೋಣೆಯ ಬಾಗಿಲವರೆಗೆ ಮೂರು ಸಲ ಹೋದೆ. ಗೋಡೆಯ ಮೇಲೆ ನನ್ನ ಹೆಸರಿದ್ದ ಫಲಕ ತೂಗುಹಾಕಿದ್ದರು. ಗೆದ್ದ ಮಾತನ್ನು ಗೆದ್ದವನೇ ಹಿಂದಕ್ಕೆ ತೆಗೆದುಕೊಂಡರೆ ಚರ್ಚೆಗೆ ಏನು ಬೆಲೆ ಎಂದು ಅದಕ್ಕೂ ಒಂದು ವಾದ ಹೂಡಿಕೊಂಡೆ. ಆ ವಾದವನ್ನು ಎದುರಿಸಲು ಅಲ್ಲಿ ಯಾರೂ ಇರಲಿಲ್ಲ, ಸುಲಭವಾಗಿ ಗೆದ್ದೆ. ಕೆಲಸಗಾರರ ಆ ವರ್ಷದ ಪರೀಕ್ಷೆ ಹೋಯಿತು. ಮರುವರ್ಷದ್ದೂ ಹೋಯಿತು. ಮಾಸ್ತರರು ಎದುರಾದಾಗಲೆಲ್ಲ “ಆರಾಮೇನೋ?” ಎನ್ನುತ್ತಿದ್ದರು, ಅಷ್ಟೇ. ಕೇಳಿದ್ದರೆ ಏನಾದರೊಂದು ಉತ್ತರ ಹೊಸೆಯುತ್ತಿದ್ದೆ. ಅವರು ಕೇಳಲೇ ಇಲ್ಲ.

ಎರಡನೆಯ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಹತ್ತು ದಿನ ಮಲಗಿದರು, ಏಳಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಪ್ರಿನ್ಸಿಪಾಲರ ಮುಂದೆ ನಿಂತೆ. ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಚೀಟಿಯೇ? ಅಯ್ಯೋ, ಅಂದೇ ಹೇಳಬಾರದಿತ್ತೇನಪ್ಪಾ? ಕೊಡಬೇಕೆಂದೇ ನನ್ನ ಮನಸ್ಸಿನಲ್ಲಿತ್ತು.” ಅದೇ ವಾರ ಅಪ್ಪಣೆ ಬರೆದರು.

ಮೊದಲ ರವಿವಾರ ಒಂಬತ್ತು ಜನ ಬಂದರು. ಅಧ್ಯಾಪಕರ ಇಂಗ್ಲಿಷನ್ನು ಬಿಡಿಸಿ ಹೇಳುವ ಕೆಲಸ ನಾನೇ ಕೇಳಿ ಪಡೆದಿದ್ದೆ. ಕೋಗಿಲಬನದ ಹಿರಿಯನಿಗೆ ಅಷ್ಟರಲ್ಲಿ ಪರೀಕ್ಷೆಯ ವಯಸ್ಸು ದಾಟಿತ್ತು, ಆದರೂ ಬಂದಿದ್ದ. ಪಾಠ ಸುರುವಾಗುವ ಮೊದಲು ಎಲ್ಲರೆದುರು ನನ್ನ ತಪ್ಪನ್ನು ಹೇಳಿಕೊಂಡೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ಚೀಟಿ ಸುದ್ದಿ ನಮಗ ಗೊತ್ತಿತ್ರಿ,” ಎಂದ ಹಿರಿಯ. “ಬಸ್ ಇಳಿದು ಬಂದ ದಿವಸನ ಮಾಸ್ತರು ಹೇಳಿದ್ರು. ನಾವೇ ಹೋಗಿ ಸಾಹೇಬ್ರನ್ನ ಕಾಣೂಣು ನಡೀರಿ ಅಂದ್ರ ಅವರು ಬಿಡಲಿಲ್ಲ. ‘ಹುಡುಗನ ಮರ್ಯಾದಿ ಹೋಗತೈತಿ. ತಡೀರಿ, ಅವನೇ ಹೇಳ್ತಾನ’ ಅಂದ್ರು. ಜ್ವರ ಬಂದು ಮಲಗಿದಾಗೂ ಹಂಗ ಅಂದ್ರು ನೋಡ್ರಿ.”