ಭಾವನ ಧ್ವನಿಯಲ್ಲಿ ಮೂರೂವರೆ ವರ್ಷ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರು ಕಂಡುಹಿಡಿದ ಮೇಲೆ ಒಪ್ಪಿಕೊಂಡರೆ ಅದಕ್ಕೆ ಮರ್ಯಾದೆ ಇರುವುದಿಲ್ಲ. ನಮ್ಮ ಭಾವ ಹದಿನೈದು ವರ್ಷದ ಮನೆಸಾಲವನ್ನು ಆರೇ ವರ್ಷಕ್ಕೆ ತೀರಿಸಿದರು. ಆ ಆರರಲ್ಲಿ ಕೊನೆಯ ಮೂರೂವರೆ ವರ್ಷ, ಅವರು ದುಡಿಯಲು ಹೋದಾಗಲೆಲ್ಲ, ಅವರ ಮಕ್ಕಳ ಮುಂದೆ ಅವರದೇ ಧ್ವನಿ ತೆಗೆದು ನಾನು ಅಪ್ಪನ ಪಾರ್ಟು ಮಾಡಿದೆ. ಮಾಡು ಎಂದು ಯಾರೂ ಹೇಳಿರಲಿಲ್ಲ. ಚೆನ್ನಾಗಿ ಬರುತ್ತದೆ ಅಂತ ಮಾಡಿದೆ.

ನನಗೆ ಚೆನ್ನಾಗಿ ಬರುವುದು ಅದೊಂದೇ. ಹಾಸನದ ಒಂದು ಫೋಟೋ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿಗೆ ಜನರ ಗದ್ದ ಹಿಡಿದು ನೆಟ್ಟಗೆ ಮಾಡುವುದು ನನ್ನ ಕೆಲಸ. ಮಿಮಿಕ್ರಿ ನನ್ನ ಚಟ. ಮದುವೆ ಸೀಸನ್ನಿನಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣದ ಛತ್ರಗಳಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯುವ ಹತ್ತು ನಿಮಿಷ ನನ್ನದು. ಅರಕಲಗೂಡು ಕಡೆಯವರು ಶುಂಠಿ ರೇಟು ಏರಿದಾಗ ಫೋನಿನಲ್ಲಿ ಹೇಗೆ ಮಾತಾಡುತ್ತಾರೆ, ಇಳಿದಾಗ ಹೇಗೆ ಮಾತಾಡುತ್ತಾರೆ ಅಂತ ಮಾಡಿ ತೋರಿಸುತ್ತೇನೆ. ಏರಿದಾಗ ಪಿಸುಮಾತು, ಇಳಿದಾಗ ಮೂರು ಊರಿಗೆ ಕೇಳಬೇಕು. ಇಷ್ಟೆಲ್ಲ ಧ್ವನಿ ಇಟ್ಟುಕೊಂಡವನಿಗೆ ಸ್ವಂತದ್ದು ಯಾವುದು ಎಂಬುದೇ ಮರೆತುಹೋಗುತ್ತದೆ. ಒಮ್ಮೆ ಹೆಣ್ಣು ನೋಡಲು ಹೋಗಿದ್ದಾಗ ಗಾಬರಿಯಲ್ಲಿ ಛತ್ರದ ಮ್ಯಾನೇಜರನ ಧ್ವನಿಯಲ್ಲಿ ಮಾತಾಡಿ ಎದ್ದು ಬಂದಿದ್ದೇನೆ. ಅವರು ಆಮೇಲೆ ಫೋನ್ ಮಾಡಲಿಲ್ಲ. ಅವರ ತಪ್ಪಿಲ್ಲ, ಯಾರಿಗೆ ಅಂತ ಮಾಡುತ್ತಾರೆ?

ನಮ್ಮೂರು ದುದ್ದದಿಂದ ದಿನಾ ಓಡಾಡುವ ಬಸ್ ಚಾರ್ಜು ಉಳಿಯಲಿ ಅಂತ ನಾನು ಹಾಸನದಲ್ಲಿ ಸವಿತಕ್ಕನ ಮನೆಯಲ್ಲೇ ಇದ್ದೇನೆ. ಬಾಡಿಗೆ ಕೊಡುವುದಿಲ್ಲ, ಬೈಗುಳ ತಿನ್ನುತ್ತೇನೆ. ಅವಳ ಗಂಡ, ಅಂದರೆ ನಮ್ಮ ಭಾವ, ಬಾಗೂರಿನವರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸಿನೊಳಗೆ ಅವರ ಗಂಟಲು ಹಾರನ್ನಿಗೆ ಸಮ. ಬಸ್ಸಿನಿಂದ ಇಳಿದರೆ ಮಾತೇ ಇಲ್ಲ. ದಿನಕ್ಕೆ ಐನೂರು ಜನರ ಹತ್ತಿರ ಚಿಲ್ಲರೆ ಕೇಳಿದ ಮನುಷ್ಯನಿಗೆ ಮನೆಗೆ ಬಂದ ಮೇಲೆ ಕೇಳುವುದಕ್ಕೆ ಏನು ಉಳಿದಿರುತ್ತದೆ?

ಅವರು ಸಾಲ ತೀರಿಸಲು ಅಷ್ಟು ಅವಸರ ಮಾಡಿದ್ದಕ್ಕೆ ಕಾರಣ ದುರಾಸೆಯಲ್ಲ, ಅಂಜಿಕೆ. ಮದುವೆಯಾದ ಐದು ವರ್ಷದಲ್ಲಿ ಮೂರು ಬಾಡಿಗೆ ಮನೆ ಬಿಟ್ಟವರು ಅವರು. ಮೊದಲ ಮನೆಯವರಿಗೆ ಗೋಡೆಗೆ ಮೊಳೆ ಹೊಡೆದದ್ದು ಆಗಲಿಲ್ಲ. ಎರಡನೆಯವರಿಗೆ ಹಿರಿಮಗ ತೇಜು ಅಳುವುದು ಆಗಲಿಲ್ಲ. ಮೂರನೆಯ ಮನೆಯೊಡತಿ ಅಕ್ಕನ ಬಸುರು ಹೊಟ್ಟೆಯನ್ನು ನೋಡಿ, "ಇನ್ನೊಂದ್ ಕೂಸಾದ್ರೆ ಸಂಪಿನ್ ನೀರು ಸಾಲಲ್ಲ ಕಣಮ್ಮ, ಬ್ಯಾರೆ ಕಡೆ ನೋಡ್ಕಳಿ" ಎಂದರು. ಹುಟ್ಟದ ಮಗುವಿಗೂ ಮನೆ ಖಾಲಿ ಮಾಡಿಸಿದ ಆ ಮಹಾತಾಯಿಯ ಧ್ವನಿಯನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಭಾವ ಮಾತ್ರ ಒಂದು ಸಲವೂ ನಗಲಿಲ್ಲ.

ಆ ಸಿಟ್ಟಿನಲ್ಲೇ ಊರಾಚೆಯ ಹೊಸ ಬಡಾವಣೆಯಲ್ಲಿ ಪುಟ್ಟ ಮನೆಯೊಂದನ್ನು ಸಾಲ ಮಾಡಿ ತೆಗೆದುಕೊಂಡರು. ಗೃಹಪ್ರವೇಶದ ದಿನ ಮಗಳು ಚಿನ್ನು ಅಕ್ಕನ ತೊಡೆಯ ಮೇಲೆ ಎರಡು ತಿಂಗಳ ಕೂಸು. ನೆಂಟರೊಬ್ಬರು, "ಅಂತೂ ಸ್ವಂತದ್ ಮಾಡ್ಕಂಡ್ಯಲ್ಲಪ್ಪ" ಅಂದರೆ ಭಾವ, "ಬಾಗ್ಲು ನಂದು ಮಾವ, ಪತ್ರ ಬ್ಯಾಂಕಿಂದು" ಅಂದರು. ಮರುವಾರ ಬ್ಯಾಂಕಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿ ಕುಳಿತಿದ್ದ ಹುಡುಗಿ, ಮೊದಮೊದಲು ಕಂತಿನ ದುಡ್ಡೆಲ್ಲ ಹೆಚ್ಚುಕಡಿಮೆ ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ನಿಧಾನ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಭಾವ ಆ ಗೆರೆಯನ್ನೇ ನೋಡುತ್ತ, "ಅಂಗಾದ್ರೆ ನಾನಿನ್ನೂ ಬಾಡ್ಗೆ ಮನೇಲೇ ಇವ್ನಿ ಅನ್ನಮ್ಮ" ಎಂದರು. ಹುಡುಗಿ ಪಾಪ, ತಲೆ ಬಗ್ಗಿಸಿದಳು.

ಅಂದಿನಿಂದ ಶುರುವಾಯಿತು. ವಾರದ ರಜೆಯಲ್ಲಿ ಡ್ಯೂಟಿ. ಬೇರೆಯವರು ಒಲ್ಲೆ ಎಂದ ರೂಟಿಗೆ ಇವರು. ಹಬ್ಬದ ದಿನ ಸ್ಪೆಷಲ್ ಬಸ್ಸು ಬಿಟ್ಟರೆ ಅದರಲ್ಲಿ ಇವರು. ವರ್ಷದ ಗಳಿಕೆ ರಜೆ ಎಷ್ಟು ಮಾರಬಹುದೋ ಅಷ್ಟನ್ನೂ ಮಾರಿದರು. ಬಾಗೂರಿನ ತೆಂಗಿನಕಾಯಿಯ ದುಡ್ಡು, ಅಕ್ಕ ರವಿಕೆ ಹೊಲಿದ ದುಡ್ಡು ಎಲ್ಲ ಅಸಲಿಗೆ ಹೋಯಿತು. ಮಕ್ಕಳು ಅಪ್ಪನನ್ನು ನೋಡಬೇಕಾದರೆ ಬಸ್ ಸ್ಟ್ಯಾಂಡಿಗೆ ಹೋಗಬೇಕು. ಅರಕಲಗೂಡಿನಿಂದ ಬಂದ ಬಸ್ಸು ಚನ್ನರಾಯಪಟ್ಟಣಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಹಾಸನದಲ್ಲಿ ನಿಲ್ಲುತ್ತಿತ್ತು. ಅಕ್ಕ ಬುತ್ತಿ ಕೊಡುವಳು, ತೇಜು ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿಸುವನು, ಚಿನ್ನು ಸೀಟಿನ ಮೇಲೆ ಹತ್ತಿ ಕೂರುವಳು. ಭಾವ ಅವಳ ಕೆನ್ನೆ ಮುಟ್ಟುವಷ್ಟರಲ್ಲಿ ಡ್ರೈವರ್ ಗಾಡಿ ಸ್ಟಾರ್ಟ್ ಮಾಡುವನು. ಅಪ್ಪನ ಮನೆ ಬಸ್ಸು, ನಾವು ಅಲ್ಲಿಗೆ ನೆಂಟರ ಹಾಗೆ ಹೋಗಿಬರುವುದು ಎಂದು ಅವಳು ಬಹಳ ದಿನ ತಿಳಿದುಕೊಂಡಿದ್ದಳು. ನಾವು ನಕ್ಕಿದ್ದೆವು.

ನಾನು ಕೈಯಾಡಿಸಿದ್ದು ಆಗಲೇ. ಎರಡೂವರೆ ವರ್ಷದ ಚಿನ್ನು ಅನ್ನ ಕಂಡರೆ ಬಾಯಿಗೆ ಬೀಗ ಹಾಕುತ್ತಿದ್ದಳು. ಅಕ್ಕ ತಟ್ಟೆ ಹಿಡಿದು ಸುಸ್ತಾಗಿ ಕೂತಿದ್ದಾಗ ನಾನು ಭಾವನ ಹಳೆಯ ಖಾಕಿ ಅಂಗಿ ಹಾಕಿಕೊಂಡು, ಬಾಗಿಲ ಹಿಂದಿನಿಂದ ಅವರ ಗಂಟಲಿನಲ್ಲಿ ಕೂಗಿದೆ: "ಒಳಗ್ ಓಗಿ ಒಳಗ್ ಓಗಿ! ಒಟ್ಟೆ ಪೂರಾ ಖಾಲಿ ಐತೆ! ಅನ್ನ ಅತ್ಕಳಿ, ಸಾರು ಅತ್ಕಳಿ, ತುಪ್ಪ ಬಾಗ್ಲಲ್ ನಿಂತ್ಕಬ್ಯಾಡ್ರಿ... ರೈಟ್!" ಮಗು ಕಣ್ಣರಳಿಸಿ, "ಅಪ್ಪ!" ಎಂದಿತು. ಬಾಯಿ ತೆರೆಯಿತು. ಬಸ್ಸು ತುಂಬಿತು.

ಆಮೇಲೆ ದಿನವೂ ಅದೇ ಆಟ. ತೊಗಲುಗೊಂಬೆಯಾಟದಲ್ಲಿ ಒಬ್ಬನೇ ಮನುಷ್ಯ ಪರದೆಯ ಹಿಂದೆ ಕೂತು ರಾಮನೂ ಆಗುತ್ತಾನೆ, ರಾವಣನೂ ಆಗುತ್ತಾನೆ. ಮುಂದೆ ಕೂತ ಮಕ್ಕಳು ಅವನು ಯಾರೆಂದು ಕೇಳುವುದಿಲ್ಲ. ಅವನಿಗೆ ಒಂದು ಅನುಕೂಲವಿದೆ: ಆಟ ನಡೆಯುವಾಗ ನಿಜವಾದ ರಾಮ ಬಾಗಿಲು ತಟ್ಟುವುದಿಲ್ಲ. ಆ ಧೈರ್ಯ ನನಗೂ ಇತ್ತು. ಸಾಲದ್ದಕ್ಕೆ ಕಲಾವಿದನ ಕೊಬ್ಬು ಬೇರೆ. ನಾನು ಮಾಡುವ ಭಾವ ಹಾಡುತ್ತಿದ್ದ, ಹುಲಿಗೆ ಅರ್ಧ ಟಿಕೆಟ್ ಕೊಡುತ್ತಿದ್ದ, ಆನೆಯನ್ನು ನಿಂತುಕೊಂಡೇ ಪ್ರಯಾಣ ಮಾಡಿಸುತ್ತಿದ್ದ. ಅಪರೂಪಕ್ಕೆ ಮನೆಯಲ್ಲಿ ಸಿಗುವ ನಿಜವಾದ ಭಾವ ಕಾಲು ಚಾಚಿ ಗೋಡೆಗೆ ಒರಗಿ, ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ತೇಜುವಿಗೆ ವ್ಯತ್ಯಾಸ ಗೊತ್ತಿತ್ತು; ಸಾಲಕ್ಕೆ ಮುಂಚಿನ ಅಪ್ಪನ ಹೆಗಲ ಮೇಲೆ ಕೂತವನು ಅವನು. ನಾನು ಖಾಕಿ ಅಂಗಿ ತೊಟ್ಟಾಗ ಅವನು ಪುಸ್ತಕ ತೆಗೆದುಕೊಂಡು ಒಳಕೋಣೆಗೆ ಹೋಗುತ್ತಿದ್ದ. ಓದಿನಲ್ಲಿ ಆಸಕ್ತಿ ಅಂತ ನಾನು ಮೆಚ್ಚಿಕೊಂಡಿದ್ದೆ. ಗದ್ದ ನೆಟ್ಟಗೆ ಮಾಡುವವನಿಗೆ ಮುಖ ಓದಲು ಬರುತ್ತದೆಂದು ಯಾರೂ ಹೇಳಿಲ್ಲವಲ್ಲ.

ಹೋದ ವರ್ಷ ಸಾಲ ತೀರಿತು. ಭಾವ, ಅಕ್ಕ ಇಬ್ಬರೂ ಹೋಗಿ ಮನೆಪತ್ರ ಬಿಡಿಸಿಕೊಂಡು ಬಂದರು. ಭಾವ ಅದನ್ನು ದೇವರ ಮುಂದಿಟ್ಟು ಕೈಮುಗಿದು, ಕೈಕಾಲು ತೊಳೆದು, "ಇವತ್ ಕೂಸಿಗೆ ನಾನೇ ಉಣ್ಸ್ತೀನಿ ತತ್ತಾ" ಎಂದು ಅಕ್ಕನ ಕೈಯಿಂದ ತಟ್ಟೆ ತೆಗೆದುಕೊಂಡರು. ಆರು ವರ್ಷದ ಹುಡುಗಿಗೆ ಉಣ್ಣಿಸುವ ಅಗತ್ಯವೇನೂ ಇರಲಿಲ್ಲ. ಅಗತ್ಯ ಇದ್ದದ್ದು ಅವರಿಗೆ. ಅನ್ನ ಕಲಸಿ, ತುತ್ತು ಮಾಡಿ, "ಬಾ ಚಿನ್ನವ್ವ, ಆ ಅನ್ನು" ಎಂದರು.

ಚಿನ್ನು ನೋಡಿದಳು. "ಅಂಗಲ್ಲ. ಅಪ್ಪನ್ ಥರ ಮಾಡು."

"ನಾನೇ ಅಲ್ವೇನವ್ವ ಅಪ್ಪ?"

"ನೀನಲ್ಲ. ಮಾಮ ಮಾಡ್ತಾನಲ್ಲ, ಆ ಅಪ್ಪ."

 ಭಾವನ ಕೈಯ ತುತ್ತು ಹಾಗೇ ನಿಂತಿತು. ಅವರು ನನ್ನ ಕಡೆ ತಿರುಗಿ, ಸಿಟ್ಟೇನೂ ಇಲ್ಲದೆ, "ಎಂಗ್ ಮಾಡ್ತೀಯಪ್ಪ ಮಂಜ? ಮಾಡು ನೋಡಾನ" ಎಂದರು. ಛತ್ರಗಳಲ್ಲಿ ನೂರಾರು ಜನರ ಮುಂದೆ ಹೆದರದ ನಾನು ಅವತ್ತು ಬೆವತೆ. ಆದರೂ ಮಾಡಿದೆ. ಒಬ್ಬ ಮನುಷ್ಯನ ಮುಂದೆ ಅವನನ್ನೇ, ಅವನ ಮಗಳಿಗೋಸ್ಕರ. ಚಿನ್ನು ಕಿಲಕಿಲ ನಕ್ಕು ಬಾಯಿ ತೆರೆದಳು. ಭಾವ ನನ್ನ ಧ್ವನಿಗೆ ತಕ್ಕಂತೆ ತುತ್ತಿಟ್ಟರು. ತಟ್ಟೆ ಖಾಲಿಯಾಯಿತು. ಅಷ್ಟು ಕೆಟ್ಟ ಪ್ರದರ್ಶನವನ್ನು ನಾನು ಜನ್ಮದಲ್ಲಿ ಕೊಟ್ಟಿಲ್ಲ. ಒಂದು ಉಸಿರೂ ತಪ್ಪಿರಲಿಲ್ಲ.

ಅಡುಗೆಮನೆಗೆ ಹೋಗಿ ಅಕ್ಕನ ಹತ್ತಿರ ತಪ್ಪೊಪ್ಪಿಕೊಂಡೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ, "ನೀನೊಬ್ನೇ ಅಲ್ಲ ಕಣೋ. ಮಗಳು ಉಣ್ತಾ ಅವ್ಳಲ್ಲ ಅಂತ ನಾನೂ ಸುಮ್ನಿದ್ದೆ" ಎಂದಳು. ಸಾಲವನ್ನು ಮುಂಚೆಯೇ ಕಟ್ಟಿ ಮುಗಿಸಲು ಬ್ಯಾಂಕಿನವರು ಒಂದು ದಾರಿ ಇಟ್ಟಿದ್ದಾರೆ. ಮಕ್ಕಳ ಲೆಕ್ಕದಲ್ಲಿ ಅಂಥ ದಾರಿಯಿಲ್ಲ. ಇವತ್ತಿನ ತುತ್ತನ್ನು ಇವತ್ತೇ ಇಡಬೇಕು; ಆರು ವರ್ಷದ್ದನ್ನು ಒಟ್ಟಿಗೆ ತಂದರೆ ಅವು ಬಾಯಿ ತೆರೆಯುವುದಿಲ್ಲ. ಹಾಗಂತ ಭಾವನನ್ನು ಬೈಯುವುದು ಹೇಗೆ? ಆ ಮೂರು ಮನೆಗಳಿಂದ ಸಾಮಾನು ಹೊತ್ತವರಲ್ಲಿ ನಾನೂ ಒಬ್ಬ.

ಮುಂದಿನ ವಾರ ಭಾವ ನನ್ನನ್ನು ಮಹಡಿಗೆ ಕರೆದು ಮೆಲ್ಲಗೆ, "ಆ ಉಲಿಗೆ ಟಿಕೆಟ್ ಕೊಡೋದು ಎಂಗ್ಲಾ? ಏಳ್ಕೊಡು" ಎಂದರು. ಒಣಹಾಕಿದ ಬಟ್ಟೆಗಳ ನಡುವೆ ನಾನು ಅವರಿಗೆ ಅವರನ್ನು ಕಲಿಸತೊಡಗಿದೆ. "ಜೋರಾಗ್ ಕೂಗಿ ಭಾವ, ಬಸ್ಸಲ್ ಕೂಗಲ್ವಾ ಹಂಗೆ." "ಬಸ್ಸಲ್ಲಿ ತಾನಾಗ್ ಬತ್ತದೆ ಕಣ್ಲಾ, ಇಲ್ಲಿ ನಾಚ್ಕೆ ಆಯ್ತದೆ." ಪಕ್ಕದ ಮನೆಯವರು ಇಣುಕಿದರೆ ಇಬ್ಬರೂ ಬಟ್ಟೆ ಕೊಡವುತ್ತಿದ್ದೆವು. ಅವರಿಗೆ ಬರಲಿಲ್ಲ. ಹುಲಿ ಹೆದರುವುದಿಲ್ಲ, ಆನೆ ನಿಲ್ಲುವುದಿಲ್ಲ. ಕೆಳಗೆ ಬಂದು ಮಾಡಿ ತೋರಿಸಿದರೆ ಚಿನ್ನು ಪರೀಕ್ಷಕರ ಹಾಗೆ ಪೂರ್ತಿ ಕೇಳಿ, "ಮಾಮಂದೇ ಚೆಂದ" ಎಂದು ತೀರ್ಪು ಕೊಡುವಳು. ಭಾವ ಹ್ಞೂಂ ಅನ್ನುವರು. ತೇಜು ಒಳಗೆ ಪುಸ್ತಕ ಮಗುಚುವ ಸದ್ದು ಕೇಳಿಸುವುದು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಭಾವ ರಜೆ ಮಾರದೆ ಮನೆಯಲ್ಲಿದ್ದ ನಾಲ್ಕನೆಯ ಭಾನುವಾರ. ಚಿನ್ನು ಅವರ ಪಕ್ಕದಲ್ಲೇ ಕೂತಿದ್ದಳು. ಅವರು ತೊದಲುತ್ತ, "ಒಳಗ್ ಓಗಿ, ಒಳಗ್..." ಎಂದು ಶುರು ಮಾಡಿ, ಮುಂದಿನದು ಮರೆತು ನಿಲ್ಲಿಸಿದರು. ಅವಳು ತಟ್ಟೆಯನ್ನು ಎಳೆದುಕೊಂಡು ನನ್ನ ಕಡೆ ತಿರುಗಿ, "ಮಾಮ, ನೀನೇ ಅಪ್ಪ ಮಾಡು" ಎಂದಳು. ಚಟ ನೋಡಿ, ನನ್ನ ಗಂಟಲು ಆಗಲೇ ಸಿದ್ಧವಾಗಿಬಿಟ್ಟಿತ್ತು. ಬಾಯಿ ತೆರೆದಿದ್ದೆ ಕೂಡ. ಭಾವ ಎಂಜಲು ಕೈಯನ್ನೇ ನನ್ನ ಮುಂದೆ ಅಡ್ಡ ಹಿಡಿದರು. ಆಮೇಲೆ ಕೇಳಿದ್ದು ಬಸ್ಸಿನ ಗಂಟಲಲ್ಲ, ಗೋಡೆಗೆ ಒರಗುವ ಮನುಷ್ಯನ ಮೆತ್ತಗಿನ, ದಣಿದ ಗಂಟಲು. ಅದನ್ನು ನಾನು ಒಮ್ಮೆಯೂ ಮಾಡಲು ಪ್ರಯತ್ನಿಸಿರಲಿಲ್ಲ.

"ಸಾಕು ಕಣ್ಲಾ ಮಂಜ. ಇನ್ಮ್ಯಾಕೆ ಅಪ್ಪನ್ನ ನಾನೇ ಮಾಡ್ತೀನಿ. ಚೆಂದಾಗ್ ಬರ್ದಿದ್ರೆ ಬ್ಯಾಡ, ಅವ್ಳು ಅದ್ನೇ ನೋಡ್ಲಿ. ನೀನು ಮುದ್ದೆ ಉಣ್ಣು."