ಲೋಡು ಕೆಡಿಸುವ ಸಭೆ

ವರ್ಷಿಣಿ

ತಿಪಟೂರು, ತುರುವೇಕೆರೆ ಸೀಮೆಯ ಕೊಬ್ಬರಿ ವ್ಯವಹಾರದಲ್ಲಿ ಜಾಣರಿಗೇನೂ ಬರವಿಲ್ಲ. ಆದರೆ ಎದುರಾದ ಕಷ್ಟವನ್ನು ತಲೆಕೆಳಗು ಮಾಡಿ ನೋಡಬಲ್ಲವರು ವಿರಳ. ಅಂಥ ವಿರಳರಲ್ಲಿ ಒಬ್ಬರು, ದಂಡಿನಶಿವರದ ನಮ್ಮ ತೆಂಗು ಬೆಳೆಗಾರರ ಸಂಘದ ಕಾರ್ಯದರ್ಶಿಗಳಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಹಾಲಸ್ವಾಮಿಯವರು. ಅವರ ಸಹಾಯಕಿಯಾಗಿ ದುಡಿದ ನನಗೆ ಈ ಲೇಖನ ಬರೆಯುವ ಭಾಗ್ಯ ಒದಗಿದೆ. ನಾನು ಹುಟ್ಟಾ ಪುಕ್ಕಲು ಸ್ವಭಾವದವಳೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿರ್ದೇಶಕರ ಮುಂದೆ ಬಾಯಿ ತೆರೆದರೆ ನನ್ನ ಸ್ವರ ನಡುಗುತ್ತಿತ್ತು. ಹಾಲಸ್ವಾಮಿಯವರು ಅದಕ್ಕೆ ಎಂದೂ ನಗಲಿಲ್ಲ, ಗದರಲಿಲ್ಲ. ಮಾಯಸಂದ್ರದ ಬಸ್ಸು ನನಗೆ ತಪ್ಪಬಾರದೆಂದು ಸಂಜೆಯ ಸಭೆಗಳನ್ನೆಲ್ಲ ಬೆಳಿಗ್ಗೆಗೆ ಬದಲಾಯಿಸಿದರು.

ಕಳೆದ ವರ್ಷ ಉತ್ತರ ಭಾರತದ ನಮ್ಮ ವ್ಯಾಪಾರಿ ಒಂದು ಲೋಡನ್ನು ಹಾಗೆಯೇ ಹಿಂದಕ್ಕೆ ಕಳಿಸಿದ. ಹೊರಗೆ ಚೆನ್ನಾಗಿದ್ದ ಉಂಡೆ ಕೊಬ್ಬರಿ ಒಳಗೆ ಕಪ್ಪಾಗಿತ್ತು. ಒಡೆದು ನೋಡಿದರೆ ಅದು ಉಂಡೆಯಾಗಿ ಉಳಿಯುವುದಿಲ್ಲ, ನೋಡದಿದ್ದರೆ ಗೊತ್ತಾಗುವುದಿಲ್ಲ. ಇನ್ನೊಂದು ಲೋಡು ಹೀಗಾದರೆ ವ್ಯವಹಾರವೇ ಬೇಡವೆಂದ. ಅವನೊಬ್ಬನನ್ನೇ ನೆಚ್ಚಿದ್ದ ಸಂಘಕ್ಕೆ ಆಮೇಲೆ ಬೀಗವೇ ಗತಿ. ನನಗೆ ಅನ್ನ ಸೇರಲಿಲ್ಲ.

ಹಾಲಸ್ವಾಮಿಯವರು ಬೆಳೆಗಾರರನ್ನೂ ಕಾಯಿ ಸುಲಿಯುವವರನ್ನೂ ಅಂಗಳದಲ್ಲಿ ಕೂರಿಸಿದರು. "ಲೋಡು ಉಳಿಸೋ ಮಾತು ಇವತ್ತು ಬ್ಯಾಡ. ಮುಂದಿನ ಲೋಡು ಹಾಳು ಮಾಡೋದು ಹೆಂಗೆ, ಅದನ್ನ ಹೇಳ್ರಪ್ಪ," ಎಂದರು. ಇವರಿಗೆ ತಲೆ ಕೆಟ್ಟಿತೆಂದು ನಾನು ಬೆವತುಹೋದೆ.

"ರೇಟು ಏರೈತೆ ಅಂತ ಕಾಯೊಳಗಿನ ನೀರು ಇಂಗೋಕ್ ಮುಂಚೇನೇ ಒಣಗಾಕಿರೋ ಅಟ್ಟದಿಂದ ಇಳಿಸುದ್ರಾಯ್ತು ಕಣ್ರೀ, ಒಳಗೆ ತಾನೇ ಕಪ್ಪಾಯ್ತದೆ," ಎಂದರು ಕಾಯಿ ಸುಲಿಯುವ ಚಿಕ್ಕಗೌರಮ್ಮ.

ಬೆಳೆಗಾರ ಮಾಯಣ್ಣನವರು ನೆಲ ನೋಡುತ್ತ, "ಎಲ್ಲಾರ್ದೂ ಒಂದೇ ರಾಶಿಗೆ ಸುರುದ್ಬುಡಿ. ಹಸಿ ಯಾರ್ದು ಅಂತ ದೇವ್ರಿಗೂ ಗೊತ್ತಾಗಲ್ಲ," ಎಂದರು.

ಎಲ್ಲರೂ ಸಮಾನರೆಂಬ ಒಳ್ಳೆಯ ಮನಸ್ಸಿನಿಂದ ಸಂಘ ಹುಟ್ಟಿದಂದಿನಿಂದ ನಾವು ಹಾಕುತ್ತಿದ್ದ ಆ ಒಂದೇ ರಾಶಿ ನಮ್ಮನ್ನು ಮುಳುಗಿಸಿತ್ತು. ಅಂದಿನಿಂದ ಒಂದೊಂದು ಮನೆಯ ಅಟ್ಟದ ಕೊಬ್ಬರಿಯೂ ಬೇರೆ ಬೇರೆ ಚೀಲಕ್ಕೆ ಬಿತ್ತು. ಪ್ರತಿಯೊಬ್ಬರ ಪಾಲಿನಲ್ಲೂ ಕೆಲವನ್ನು ಅವರೆದುರಿಗೇ ಒಡೆದು ನೋಡಿ, ಆ ಚೂರನ್ನು ಮಿಠಾಯಿ ಅಂಗಡಿಗಳಿಗೆ ಮಾರಿದೆವು. ಮಾಯಣ್ಣನವರು ತಮ್ಮ ಸರದಿ ಬರುವ ಮೊದಲೇ ಹಸಿಯಿದ್ದ ತಮ್ಮ ಚೀಲಗಳನ್ನು ತಾವೇ ಪಕ್ಕಕ್ಕೆ ಎಳೆದುಕೊಂಡರು.

ಲಾರಿ ಹೊರಟ ಮೇಲೆ ವ್ಯಾಪಾರಿಯ ಫೋನಿಗೆ ಕಾಯುವುದೆಂದರೆ ನರಕ. ಫೋನು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಮಾಲು ಚೆನ್ನಾಗಿದೆ, ಇನ್ನೊಂದು ಲೋಡು ಕಳಿಸಿ ಎಂದ. ಹಾಲಸ್ವಾಮಿಯವರು ಫೋನು ಇಟ್ಟವರೇ ಊಟದ ಡಬ್ಬಿ ಬಿಚ್ಚಿದರು. ಲಾರಿ ಹೊರಟ ದಿನದಿಂದ ಅವರು ಅದನ್ನು ಮುಟ್ಟಿರಲಿಲ್ಲವೆಂಬುದು ನನಗೆ ಆಗಲೇ ಹೊಳೆದದ್ದು.

"ನಿಮಗೂ ಭಯ ಇತ್ತಾ ಸಾರ್?" ಎಂದೆ.

"ನಿನಗಿಂತ ಜಾಸ್ತಿ ಕಣಮ್ಮ. ಒಬ್ನೇ ಹೆದರ್ಕಂಡ್ ಕೂತ್ರೆ ಏನೂ ಹೊಳೆಯಲ್ಲ. ಅದ್ಕೇ ಎಲ್ಲಾರ್ನೂ ಕೂರಿಸ್ಕಂಡು ಹೆದರೋದು."

ಬರುವ ತಿಂಗಳಿನಿಂದ ಅವರ ಕುರ್ಚಿಯಲ್ಲಿ ನಾನು ಕೂರಬೇಕು. ಇದನ್ನು ಬರೆಯುವಾಗಲೂ ಎದೆ ಡವಡವ ಎನ್ನುತ್ತಿದೆ. ಮಾನ್ಯ ಹಾಲಸ್ವಾಮಿಯವರು ನೂರ್ಕಾಲ ಬಾಳಲಿ. ಅವರ ತೋಟವೂ ತಲೆಯೂ ಸದಾ ಹಸಿರಾಗಿರಲಿ. ಲಾರಿ ಹೊರಟ ದಿನ ಇನ್ನಾದರೂ ಅವರು ನೆಮ್ಮದಿಯಾಗಿ ಉಣ್ಣಲಿ. ಮುಂದಿನ ಲೋಡಿಗೆ ಸಭೆ ಕರೆದಿದ್ದೇನೆ. ಮೊದಲು ನನ್ನ ಹೆದರಿಕೆಯನ್ನೇ ಹೇಳುತ್ತೇನೆ.