ಹಿರೇಮದ್ದು, ಹಾಲು ಬಿಟ್ಟ ತಿಂಗಳು

ಮೈಕೈ ನೋವು ಎಂದು ಬಾಯಿತಪ್ಪಿ ಅಂದರೆ ಸಾಕು, ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಎಲ್ಲರೂ ವೈದ್ಯರೇ. ಶುಂಠಿ ಕಷಾಯ ಕುಡಿ ಅನ್ನುವವರು, ಹರಳೆಣ್ಣೆ ಹಚ್ಚಿ ಬಿಸಿಲಿಗೆ ಕೂಡು ಅನ್ನುವವರು, ನುಗ್ಗೆಸೊಪ್ಪು ಅನ್ನುವವರು, ಅಗಸಿ ಪುಡಿ, ಅಮೃತಬಳ್ಳಿ, ಅಂಟಿನ ಉಂಡಿ ಅನ್ನುವವರು. ಕೊಡಲಿಕ್ಕೆ ಎಲ್ಲರ ಹತ್ತಿರವೂ ಒಂದು ಪುಡಿ ಇತ್ತು. ನನ್ನ ಕೈಯಿಂದ ಒಂದು ನೀರಿನ ಕೊಡ ಇಸಿದುಕೊಳ್ಳಲಿಕ್ಕೆ ಯಾರೂ ಇರಲಿಲ್ಲ. ಇಷ್ಟು ವರ್ಷವಾದ ಮೇಲೂ ಈ ಮಾತನ್ನು ಸಮಾಧಾನದಿಂದ ಬರೆಯಲು ನನಗೆ ಆಗುತ್ತಿಲ್ಲ.

ಈಗ ಆ ನೋವಿಗೆ ಡಾಕ್ಟರುಗಳು ಫೈಬ್ರೊಮಯಾಲ್ಜಿಯ ಅನ್ನುತ್ತಾರೆ. ನನ್ನ ಮೈಯಲ್ಲಿ ಅದು ಶುರುವಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ನಮ್ಮ ಕಡೆ ಅದಕ್ಕೆ ಹೆಸರೇ ಇರಲಿಲ್ಲ. ಬೆಳಿಗ್ಗೆ ಏಳುವಾಗ ಯಾರೋ ರಾತ್ರಿಯೆಲ್ಲ ಒನಕೆಯಿಂದ ಕುಟ್ಟಿ ಹೋದಂತೆ ಇರುತ್ತಿತ್ತು. ಇವತ್ತು ಹೆಗಲಲ್ಲಿದ್ದದ್ದು ನಾಳೆ ತೊಡೆಯಲ್ಲಿ, ನಾಡಿದ್ದು ಬೆರಳ ಗಂಟುಗಳಲ್ಲಿ. ತಲೆ ಬಾಚಿಕೊಂಡರೆ ನೋವು, ಬಳೆ ಒತ್ತಿದರೆ ನೋವು. ನಿದ್ದೆ ಮಾಡಿ ಎದ್ದರೂ ನಿದ್ದೆ ಮಾಡಿದಂತೆ ಇರುತ್ತಿರಲಿಲ್ಲ. ಆದರೆ ನೋಡಲಿಕ್ಕೆ ನಾನು ಕೆಂಪಗೆ, ಗುಂಡುಗುಂಡಗೆ ಇದ್ದೆ. ನನ್ನ ದೊಡ್ಡ ದುರದೃಷ್ಟ ಅದೇ.

ನನ್ನ ತವರು ಆಲೂರು. ಮದುವೆಯಾಗಿ ಆದವಾನಿಗೆ ಬಂದಾಗ ಈ ಮನೆಯಲ್ಲಿ ಇಬ್ಬರೇ: ಮಾವನವರು, ನನ್ನ ಗಂಡ. ಅತ್ತೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಾವನವರು ಪೌರೋಹಿತ್ಯ ಮಾಡುವವರು, ಶಾಸ್ತ್ರ ಓದಿದವರು. ಧರ್ಮಸಂದೇಹ ಬಂದರೆ ಸುತ್ತಲ ಹಳ್ಳಿಯವರೂ ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು, ಒಳ್ಳೆಯವರು, ಯಾವ ಮಾತನ್ನೂ ಅರ್ಧ ಮಾತ್ರ ಕೇಳಿಸಿಕೊಳ್ಳುವವರು. ಮಡಿಯ ಕೆಲಸವೆಲ್ಲ ನನ್ನದೇ. ಬೆಳಗಾಗುತ್ತಲೇ ತಣ್ಣೀರು ಸ್ನಾನ, ಒದ್ದೆ ಸೀರೆಯಲ್ಲೇ ಬಾವಿಯಿಂದ ದೇವರ ನೀರು, ಅಡುಗೆಯ ನೀರು ಸೇದುವುದು, ಆಮೇಲೆ ನೈವೇದ್ಯದ ಅಡುಗೆ. ಹೊಟ್ಟೆ ತುಂಬ ಊಟ ಇದ್ದ ಮನೆ, ಬೈಗುಳ ಇಲ್ಲದ ಮನೆ. ಹೀಗಿದ್ದೂ ಮೈ ನೋಯುತ್ತದೆ ಅಂದರೆ ನಂಬುವವರು ಯಾರು?

ಗಂಡ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ತೆಲುಗಿನ ಡಾಕ್ಟರು, ನಾಡಿ ಹಿಡಿದರು, ಕಣ್ಣು ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಎರಡು ದಿನ ಬಿಟ್ಟು ಕಾಗದ ನೋಡಿ, "ಏಮೀ ಲೇದಮ್ಮಾ" ಅಂದರು. ಏನೂ ಇಲ್ಲವಮ್ಮಾ. ಒಳ್ಳೆಯ ಸುದ್ದಿ ಹೇಳುವವರ ಮುಖದಲ್ಲೇ ಹೇಳಿದರು. ದಾರಿಯುದ್ದಕ್ಕೂ ಗಂಡನೂ ಖುಷಿಯಾಗಿದ್ದರು.

ಏನೂ ಇಲ್ಲದ್ದಕ್ಕೆ ಔಷಧ ಹುಡುಕುವುದು ನನ್ನ ಪಾಲಿಗೆ ಬಂತು. ಆ ಬೇಸಿಗೆಯಲ್ಲಿ ಪಕ್ಕದ ಮನೆಯವರು ಹೇಳಿದ ಅರಿಶಿನ, ಶುಂಠಿಯ ಕಷಾಯ ಹಿಡಿದೆ. ಒಂದಿಷ್ಟು ಹಗುರಾಯಿತೋ, ಬಿಸಿಲಿಗೆ ಹಾಗನಿಸಿತೋ ಅನ್ನುವಷ್ಟರಲ್ಲಿ ಆಷಾಢ ಏಕಾದಶಿ ಬಂತು. ನಮ್ಮ ವೈಷ್ಣವರ ಮನೆಗಳಲ್ಲಿ ಅಲ್ಲಿಂದ ನಾಲ್ಕು ತಿಂಗಳು ಒಂದೊಂದು ವ್ರತ. ಮೊದಲ ತಿಂಗಳು ಕಾಯಿಪಲ್ಯ, ಮಸಾಲೆ ಬಿಡಬೇಕು. ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳು. ಅರಿಶಿನ, ಶುಂಠಿ ಎರಡೂ ಮೊದಲ ತಿಂಗಳಿಗೆ ನಿಷಿದ್ಧ. ನನ್ನ ಕಷಾಯ ಅಲ್ಲಿಗೇ ನಿಂತಿತು.

ಆ ತಿಂಗಳು ಮುಗಿದ ಮೇಲೆ ನಮ್ಮ ಓಣಿಗೆ ಮತ್ತೆ ತರಕಾರಿ ಬುಟ್ಟಿ ಬಂತು. ಪೆದ್ದಹರಿವಾಣದಿಂದ ಬಸ್ಸು ಹತ್ತಿ ಬರುತ್ತಿದ್ದ ಒಬ್ಬ ಹೆಂಗಸು, ಹೊಲದ ಕೆಲಸ ಮಾಡಿ ಕೈ ಗಟ್ಟಿಯಾದವಳು. ಹೀರೇಕಾಯಿ ಆರಿಸಿ ಏಳುವಾಗ ನಾನು ಹೊಸ್ತಿಲು ಹಿಡಿದುಕೊಂಡೆ. ಆಕಿ ಏನೂ ಕೇಳದೆ ತನ್ನ ಹೆಬ್ಬೆರಳಿನಿಂದ ನನ್ನ ಹೆಗಲನ್ನು ಮೆಲ್ಲಗೆ ಒತ್ತಿದಳು. ನನ್ನ ಕಣ್ಣಲ್ಲಿ ನೀರು ಬಂತು. ಮುಟ್ಟಿಸಿಕೊಂಡದ್ದಕ್ಕೆ ಮತ್ತೊಂದು ತಣ್ಣೀರು ಸ್ನಾನ ಮಾಡಬೇಕಾಯಿತು, ಅದು ಬೇರೆ ಮಾತು. ಮುಂದಿನ ಸಲ ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ಬೇರು ತಂದಳು.

"ಇದು ಹಿರೇಮದ್ದು ಅಮ್ಮಾ, ತೆಲುಗಿನಾಗ ಪೆನ್ನೇರು ಅಂತೀವಿ. ಕುಟ್ಟಿ ಹಾಲಿನಾಗ ಕುದಿಸಿ ಒಂದು ಮಂಡಲ ತಗೋರಿ, ನಲವತ್ತೆಂಟು ದಿನ. ನಡುವ ಬಿಟ್ರ ಮತ್ತ ಒಂದರಿಂದ ಸುರು ಮಾಡಬೇಕು" ಅಂದಳು. ಆಮೇಲೆ ಪಥ್ಯ ಹೇಳಿದಳು. "ಹಸಿ ಬಟ್ಟಿ ಉಡಬ್ಯಾಡ್ರಿ. ಕೊಡ ಎತ್ತಬ್ಯಾಡ್ರಿ. ಮಧ್ಯಾಹ್ನ ಒಂದಿಷ್ಟು ಅಡ್ಡಾಗ್ರಿ. ಇಲ್ಲಾಂದ್ರ ಬೇರು ಏನು ಮಾಡ್ತೈತಿ?"

ನಾನು ಇದನ್ನೆಲ್ಲ ಗಂಡನಿಗೆ ಹೇಳಿದೆ. ಅವರು ತಮ್ಮ ರೂಢಿಯಂತೆ ಮೊದಲ ಅರ್ಧ ಕೇಳಿಸಿಕೊಂಡು, ಹಾಲು ತಾನೇ, ಕುಡಿ ಅಂದರು. ಪಥ್ಯದ ಮಾತನ್ನು ಎರಡನೆಯ ಸಲ ಹೇಳಲು ನನಗೆ ನಾಚಿಕೆಯಾಯಿತು. ಬೇರು ಮಾತ್ರ ಹಿಡಿದೆ. ಅಶ್ವಗಂಧ ಎಂಬ ಹೆಸರಿಗೆ ತಕ್ಕಂತೆ ಅದಕ್ಕೆ ಕುದುರೆಯ ಬೆವರಿನ ವಾಸನೆ. ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದೆ. ಮೊದಲ ಎರಡು ವಾರ ಏನೂ ಇಲ್ಲ. ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಎದ್ದಾಗ, ಹೌದು, ನಿದ್ದೆ ಮಾಡಿದ್ದೇನೆ ಅನಿಸಿತು. ಆ ದಿನ ಒದ್ದೆ ಸೀರೆಯನ್ನು ಎರಡೂ ಕೈಯಿಂದ ಹಿಂಡಿದೆ. ಅದು ಬೇರಿನ ಗುಣವೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಮಂಡಲ ಪೂರ್ತಿ ಮಾಡಿ ಅದನ್ನು ತಿಳಿದುಕೊಳ್ಳಬೇಕೆಂಬ ಆಸೆ ಹತ್ತಿತು. ಅಂಥ ಆಸೆ ನನಗೆ ಮತ್ತಾವುದರ ಮೇಲೂ ಇರಲಿಲ್ಲ.

ಇಪ್ಪತ್ತೆರಡನೆಯ ದಿನ ಹಾಲು ಬಿಡುವ ತಿಂಗಳು ಬಂತು. ದಿನಾ ಪಂಚಾಂಗ ಓದುವ ಮನೆಯಲ್ಲಿದ್ದುಕೊಂಡು, ಹಾಲಿನ ಮಂಡಲವನ್ನು ಹಾಲು ಬಿಡುವ ತಿಂಗಳ ಬಾಯಿಗೆ ತಂದು ನಿಲ್ಲಿಸಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೆ ದಾರಿ ಇದೆ ಎಂದೂ ಗೊತ್ತಿತ್ತು. ಔಷಧಕ್ಕೆ ದೋಷವಿಲ್ಲ ಎಂದು ಮಾವನವರೇ ಎಷ್ಟೋ ಜನಕ್ಕೆ ಹೇಳಿದ್ದನ್ನು ಕೇಳಿದ್ದೆ. ಗಂಡ ಕಚೇರಿಗೆ ಹೋದ ಮೇಲೆ ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

ಮಾವನವರು ಸಿಟ್ಟಾಗಲಿಲ್ಲ. ಶಾಸ್ತ್ರದ ಪ್ರಶ್ನೆ ಬಂದರೆ ಅವರಿಗೆ ಸಂತೋಷವೇ. "ರೋಗ ಇದ್ರ ಔಷಧ. ಔಷಧಕ್ಕ ದೋಷ ಇಲ್ಲ, ಖರೆ. ಆದ್ರ ಡಾಕ್ಟರು ರೋಗನೇ ಇಲ್ಲ ಅಂದಾರಲ್ಲ? ರೋಗ ಇಲ್ಲಂದ್ರ ಅದು ಬರೇ ಹಾಲು."

ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಮರುದಿನ ಗಂಡನನ್ನು ಕಾಡಿಬೇಡಿ ಮತ್ತೆ ಡಾಕ್ಟರ ಹತ್ತಿರ ಹೋಗಿ, ಯಾವುದಾದರೂ ಒಂದು ರೋಗ ಬರೆದುಕೊಡಿ ಎಂದು ಕೇಳಿದೆ. ಡಾಕ್ಟರು ನಕ್ಕರು. ಇಲ್ಲದ ರೋಗ ಹೇಗೆ ಬರೆಯಲಿ ಎಂದು, ಕೊನೆಗೆ ನನ್ನ ಮುಖ ನೋಡಿ 'ವೀಕ್‌ನೆಸ್' ಎಂದು ಬರೆದು ಒಂದು ಟಾನಿಕ್ ಕೊಟ್ಟರು. ಚೀಟಿಯನ್ನು ಗಂಡ ಓದಿ ಹೇಳಿದರು. ಮಾವನವರು, ನಿಶ್ಶಕ್ತಿ ಎಂಬುದು ರೋಗವಲ್ಲ, ಅದೊಂದು ಅವಸ್ಥೆ ಎಂದು ತೀರ್ಮಾನ ಕೊಟ್ಟರು. ಇಬ್ಬರೂ ಪ್ರಾಮಾಣಿಕರು. ಇಬ್ಬರು ಪ್ರಾಮಾಣಿಕರ ನಡುವೆ ಸಿಕ್ಕಿಕೊಂಡವರಿಗೆ ದೇವರೇ ಗತಿ.

ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿದು ನೋಡಿದೆ. ಹೊಟ್ಟೆ ಉರಿದು ವಾಂತಿಯಾಯಿತು. ನಾಲ್ಕನೆಯ ದಿನ ಬಿಟ್ಟೆ. ಹತ್ತು ಹದಿನೈದು ದಿನಕ್ಕೆ ನೋವು ತನ್ನ ಹಳೆಯ ಜಾಗಗಳಿಗೆಲ್ಲ ವಾಪಸು ಬಂತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು ತಿಳಿಯದೆ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಮಾವನವರು ಮಾತಾಡದೆ ಉಂಡರು. ಅದಕ್ಕೂ ಸಿಟ್ಟು ಬಂತು.

ಬೇಳೆಕಾಳು ಬಿಡುವ ನಾಲ್ಕನೆಯ ತಿಂಗಳಲ್ಲಿ ಮಾವನವರು ಬಾವಿಯ ಕಟ್ಟೆಯ ಹತ್ತಿರ ಕಾಲು ಜಾರಿ ಬಿದ್ದರು. ಮೊಣಕಾಲು ತೆಂಗಿನಕಾಯಿಯಷ್ಟು ಬಾತಿತು. ಮೂಳೆ ಮುರಿದಿರಲಿಲ್ಲ. ಡಾಕ್ಟರು ಪಟ್ಟಿ ಕಟ್ಟಿ, ಮಂಚದಿಂದ ಇಳಿಯಬಾರದು ಅಂದರು. ಓಣಿಯವರು ಸಾಲಾಗಿ ಬಂದು ನೆನೆಸಿದ ಮೆಂತ್ಯ ಬರಿಹೊಟ್ಟೆಯಲ್ಲಿ ತಿನ್ನಲು ಹೇಳಿದರು. ಸಂಜೆ ಮಾವನವರು ನನ್ನನ್ನು ಕರೆದು ಒಂದು ಬಟ್ಟಲು ಮೆಂತ್ಯ ನೆನೆಹಾಕಲು ಹೇಳಿದರು. ಮೆಂತ್ಯವೂ ಎರಡು ಬೇಳೆಯಾಗುವ ಕಾಳು. ಆ ತಿಂಗಳು ನಾನೇ ಅದನ್ನು ಡಬ್ಬಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದೆ.

"ಅದು ಈ ತಿಂಗಳ ನಡೀತದೇನ್ರಿ?" ಎಂದು ಕೇಳಿದೆ.

"ಔಷಧ ಅಲ್ಲೇನು? ಕಾಣಸ್ತದಲ್ಲ, ಬಾತದ" ಅಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನನ್ನ ಪ್ರಶ್ನೆ ಎಲ್ಲಿಂದ ಬಂತು ಎಂದು ಅವರಿಗೆ ಹೊಳೆದಿರಲೂ ಇಲ್ಲ. ಅಟ್ಟದಿಂದ ಡಬ್ಬಿ ಇಳಿಸುವಾಗ ನನ್ನ ಎರಡೂ ತೋಳು ಹರಿದು ಬೀಳುವಂತೆ ನೋಯುತ್ತಿದ್ದವು. ತೋಳು ನೋಡಿದರೆ ಕೆಂಪಗೆ, ಗುಂಡಗೆ, ನೆಟ್ಟಗಿದ್ದವು.

ಎಂಟು ಹತ್ತು ದಿನದಲ್ಲಿ ಮೊಣಕಾಲಿನ ಬಾವು ಇಳಿಯಿತು. ಎಲ್ಲರೂ ಮೆಂತ್ಯವನ್ನು ಹೊಗಳಿದರು. ತರಕಾರಿಯವಳು ಬಂದಾಗ ನಾನು ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಹೇಳಿಕೊಂಡೆ. ಮಂಡಲ ಮುರಿದದ್ದು, ಚೀಟಿ, ಮೆಂತ್ಯ, ಈಗ ಅವರಿಗೂ ಸೇರಿಸಿ ನಾನು ಹೊರುವ ನೀರು. ಹಾಲಿನ ತಿಂಗಳು ಮುಗಿದಿದೆ, ಬೇರು ಮತ್ತೆ ಒಂದರಿಂದ ಶುರು ಮಾಡಲೇ ಎಂದು ಕೇಳಿದೆ. ಆಕಿ ಒಳಗೆ ಮಂಚದ ಕಡೆ ಕತ್ತು ಚಾಚಿ ನೋಡಿದಳು.

"ಮೆಂತ್ಯದಿಂದಲ್ಲ ಅಮ್ಮಾ, ಮಲಗ್ಯಾರಲ್ಲ, ಅದಕ್ಕ ವಾಸಿ ಆಗೈತಿ" ಅಂದಳು. "ನೀವು ಬೇರು ಎಷ್ಟು ಕುಡಿದ್ರೇನು? ನಾ ಹೇಳಿದ್ದರಾಗ ಅರ್ಧಾನೇ ಮಾಡೀರಿ."

ಮರುದಿನ ಬೆಳಿಗ್ಗೆ ನಾನು ಏಳಲಿಲ್ಲ. ಯೋಚನೆ ಮಾಡಿ ಮಾಡಿದ್ದಲ್ಲ. ಎಚ್ಚರವಾಯಿತು, ಕೊಡ ನೆನಪಾಯಿತು, ಮಗ್ಗಲು ಬದಲಿಸಿದೆ, ಅಷ್ಟೆ. ಬೆಳಕು ಹರಿದು ಕಿಟಕಿಯಿಂದ ಬಿಸಿಲು ಬಂದರೂ ಒಲೆ ಹೊತ್ತಿರಲಿಲ್ಲ. ಗಂಡ ಬಂದು ಬಾಗಿಲಲ್ಲಿ ನಿಂತು, ಏನಾಯಿತು ಎಂದು ಗಾಬರಿಯಿಂದ ಕೇಳಿದರು.

"ಏನೂ ಇಲ್ಲ" ಅಂದೆ.

"ಏನೂ ಇಲ್ಲಂದ್ರ ಯಾಕ ಮಲಗಿದಿ?"

"ಡಾಕ್ಟರು ಏನೂ ಇಲ್ಲ ಅಂದ್ರಲ್ಲ, ಅದಕ್ಕೇ ಮಲಗೀನಿ. ಆ 'ಏನೂ ಇಲ್ಲ' ಭಾಳ ನೋಯಸ್ತದ."

ಅವರು ಈ ಸಲ ಪೂರ್ತಿ ಕೇಳಿಸಿಕೊಂಡರು ಅಂತ ಕಾಣುತ್ತದೆ, ಹೊಸ್ತಿಲು ದಾಟಿ ಒಳಗೆ ಬಂದರು. ಪಕ್ಕದ ಕೋಣೆಯಲ್ಲಿ ಮಂಚದ ಮೇಲಿದ್ದ ಮಾವನವರಿಗೂ ಕೇಳಿಸಿತ್ತು. ದೇವರಿಗೆ ನೀರಿಲ್ಲ, ನೈವೇದ್ಯವಿಲ್ಲ. ಈಗ ಶಾಸ್ತ್ರ ಹೇಳುತ್ತಾರೆ ಎಂದು ಕಾದೆ. ವಾದ ಮಾಡಲು ಹಲ್ಲು ಕಚ್ಚಿ ತಯಾರಾಗಿದ್ದೆ. ಮಾವನವರ ದನಿ ಬಂತು, ಮಗನಿಗೆ ಹೇಳಿದ್ದು.

"ಎಲ್ಲಿ ನೋಯಸ್ತದ ಅಂತ ಕೇಳು ಆಕಿಗೆ."

ಮದುವೆಯಾಗಿ ಬಂದ ಐದು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳಿರದ ಪ್ರಶ್ನೆ. ಅದಕ್ಕಾಗಿ ನಾನು ಎಷ್ಟು ಪುಡಿ ನುಂಗಿದ್ದೆ, ಎಷ್ಟು ಜನರ ಮುಂದೆ ನಿಂತಿದ್ದೆ. ಗಂಡ ನನ್ನ ಕಡೆ ನೋಡಿದರು. ತೋರಿಸಲೆಂದು ಕೈ ಎತ್ತಿದೆ. ಹೆಗಲ ಹತ್ತಿರ ತಂದೆ, ಅಲ್ಲಿಂದ ಸೊಂಟಕ್ಕೆ, ತೊಡೆಗೆ, ಮತ್ತೆ ಕುತ್ತಿಗೆಗೆ. ಎಲ್ಲಿ ಇಡಬೇಕೆಂದು ತಿಳಿಯದೆ ಕೈ ಹಾಗೇ ನಿಂತುಬಿಟ್ಟಿತು.